ಬೆನ್ನು ತಿರುಗಿಸಿ ಕೂತ ದೊಡ್ಡಪ್ಪ

ನಮ್ಮ ದೊಡ್ಡಪ್ಪನಂಥ ಫುಟ್‌ಬಾಲ್ ಅಭಿಮಾನಿ ಶಿಡ್ಲಘಟ್ಟದಲ್ಲಿ ಇನ್ನೊಬ್ಬರು ಹುಟ್ಟಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಐವತ್ತರ ದಶಕದಲ್ಲಿ ನಮ್ಮೂರ ಕ್ಲಬ್ಬು ಆಡಿದ ಒಂದೇ ಒಂದು ಪಂದ್ಯವನ್ನೂ ಅವರು ತಪ್ಪಿಸಿದವರಲ್ಲ. ಹಾಗೆಯೇ ಒಂದೇ ಒಂದು ಪಂದ್ಯವನ್ನೂ ನೆಟ್ಟಗೆ ನೋಡಿದವರಲ್ಲ.

ಗಾಬರಿಯಾಗಬೇಡಿ, ಅವರ ಕಣ್ಣು ಚೆನ್ನಾಗಿಯೇ ಇತ್ತು. ಅವರದು ರೇಷ್ಮೆ ನೂಲು ಬಿಚ್ಚುವ ಕಸುಬು. ಕುದಿನೀರಿನಲ್ಲಿ ತೇಲುವ ಗೂಡಿನಿಂದ ಕೂದಲಿಗಿಂತ ಸಣ್ಣ ಎಳೆಯನ್ನು ಹುಡುಕಿ ತೆಗೆಯುವವರಿಗೆ ಕಣ್ಣು ಮಂಜಾದರೆ ನಡೆಯುತ್ತದೆಯೇ? ತೊಂದರೆ ಇದ್ದದ್ದು ಆ ಕಣ್ಣಿನ ಮೇಲೆ ಅವರಿಗೇ ಇದ್ದ ಅನುಮಾನದಲ್ಲಿ. ಕ್ಲಬ್ಬಿನ ಮೊಟ್ಟಮೊದಲ ಪಂದ್ಯ ಗೌರಿಬಿದನೂರಿನವರ ಮೇಲೆ. ನಾವು ಒಂದು ಗೋಲು ಮುಂದಿದ್ದೆವು. ಆ ದಾರಿಯಲ್ಲಿ ಹೋಗುತ್ತಿದ್ದ ದೊಡ್ಡಪ್ಪ, ನಮ್ಮ ಮೈದಾನವೇ ಆಗಿದ್ದ ಒಣಗಿದ ಕೆರೆ ಅಂಗಳಕ್ಕೆ ಇಳಿದು ಬಂದು ನೋಡುತ್ತಾ ನಿಂತರು. ಅವರು ನೋಡುತ್ತಿದ್ದಂತೆಯೇ ಸಾಲಾಗಿ ಮೂರು ಗೋಲು ನಮ್ಮ ಮೇಲೆ ಬಿದ್ದವು. ಗೋಲ್‌ಕೀಪರ್ ಆಗಿದ್ದವನು ನಾನು. ಮೂರೂ ನನ್ನ ಕೈಸಂದಿಯಲ್ಲೇ ನುಸುಳಿದ್ದು ಊರಿಗೆಲ್ಲ ಗೊತ್ತು. ದೊಡ್ಡಪ್ಪ ಮಾತ್ರ ಒಪ್ಪಲಿಲ್ಲ. "ನಿಂದೇನೂ ತಪ್ಪಿಲ್ಲ ಕಣೋ. ನನ್ ದೃಷ್ಟಿ ತಾಕ್ತು" ಎಂದುಬಿಟ್ಟರು.

ಅಂದಿನಿಂದ ಅವರದೊಂದು ಏರ್ಪಾಟು. ಪಂದ್ಯದ ದಿನ ಮನೆಯಿಂದ ಸ್ಟೂಲು ಹೊತ್ತು ತಂದು, ನನ್ನ ಗೋಲುಕಂಬದ ಪಕ್ಕದಲ್ಲಿ ಹಾಕಿಕೊಂಡು, ಆಟಕ್ಕೆ ಬೆನ್ನು ಮಾಡಿ ಕೂರುವುದು. ಎದುರಿಗೆ ಮೈದಾನದ ಉದ್ದಕ್ಕೂ ಕೆರೆ ಏರಿ, ಏರಿಯ ಮೇಲೆ ಜನ. ಆ ಜನರ ಮುಖ ನೋಡಿಯೇ ಅವರು ಪಂದ್ಯವನ್ನು ತಿಳಿಯುತ್ತಿದ್ದರು. ಸೈಕಲ್ ಷಾಪಿನ ಕರೀಂ ಸಾಬರ ಬಾಯಿ ತೆರೆದಿದ್ದರೆ ಚೆಂಡು ನಮ್ಮವರ ಕಾಲಲ್ಲಿದೆ. ಮುಚ್ಚಿದರೆ ಅವರ ಕಾಲಲ್ಲಿ. ಸಾಬರು ಎದ್ದು ಬೀಡಿ ಹಚ್ಚಿದರೆ ನಮ್ಮ ಮೇಲೆ ಗೋಲು ಬಿತ್ತು ಎಂದು ಲೆಕ್ಕ. ಅರ್ಧ ಆಟ ಮುಗಿದು ನಾನು ಆ ಕಡೆಯ ಕಂಬಕ್ಕೆ ಹೋಗುವಾಗ ದೊಡ್ಡಪ್ಪನೂ ಸ್ಟೂಲು ಎತ್ತಿಕೊಂಡು ಹೊರಡುವರು. ಮೈದಾನದ ಕಡೆಯ ಕಣ್ಣಿಗೆ ಟವೆಲು ಇಳಿಬಿಟ್ಟು, ಜಟಕಾ ಕುದುರೆಯ ಹಾಗೆ ಒಂದೇ ಕಡೆ ನೋಡುತ್ತಾ ನಡೆಯುತ್ತಿದ್ದರು.

"ಅಷ್ಟು ದೂರ ಹೋಗಿ ಏರಿ ನೋಡೋ ಬದ್ಲು ಮನೇಲೇ ಗೋಡೆ ನೋಡ್ಕೊಂಡ್ ಕೂತ್ರೆ ಆಗಲ್ವಾ?" ಎಂದು ದೊಡ್ಡಮ್ಮ ಕೇಳುತ್ತಿದ್ದರು.

"ಗೋಡೆಗೆ ಕರೀಂ ಸಾಬ್ರ ಮುಖ ಇರತ್ತೇನೇ?" ಎಂಬುದು ದೊಡ್ಡಪ್ಪನ ಉತ್ತರ.

ಸುಮ್ಮನೆ ಕೂತಿದ್ದರಾದರೂ ನಾನು ಬಚಾವಾಗುತ್ತಿದ್ದೆ. ನಿಮಿಷಕ್ಕೊಮ್ಮೆ ಬೆನ್ನ ಹಿಂದಿನಿಂದ ಪ್ರಶ್ನೆ ಬರುತ್ತಿತ್ತು. ಗಡಿ ಕಡೆಯ ಊರು ನೋಡಿ, ಆತಂಕ ಹೆಚ್ಚಿದಷ್ಟೂ ಅವರ ಬಾಯಲ್ಲಿ ತೆಲುಗು ಹೆಚ್ಚು. "ಏಮಿರಾ, ಏಮಯ್ಯಿಂದಿ?" ಎಂದು, ಏನಾಯಿತೆಂದು ಕೇಳುವರು. ನಾನು ಒಮ್ಮೆ ವಿವರವಾಗಿ ಹೇಳತೊಡಗಿದೆ.

"ಚೆಂಡು ಎಡಗಡೆಯಿಂದ ಬರ್ತಾ ಇದೆ ದೊಡ್ಡಪ್ಪ. ಅವರ ಹುಡುಗ ಓಡ್ತಾ ಇದಾನೆ. ಗೋಲಾಯ್ತು."

"ಯಾರ್ದೋ?"

"ಅವರದೇ. ನಾನು ನಿಮ್ ಜೊತೆ ಮಾತಾಡ್ತಾ ಇದ್ನಲ್ಲ."

ಪಂದ್ಯ ಮುಗಿದ ಮೇಲೆ ಇನ್ನೊಂದು ಶಾಸ್ತ್ರವಿತ್ತು. ಆಗ ನಮ್ಮಲ್ಲಿ ಗೂಡಿನ ವ್ಯಾಪಾರವೆಲ್ಲ ಬಾಯಲ್ಲಿ ಆಡುವುದಲ್ಲ. ಕೊಳ್ಳುವವರು, ಮಾರುವವರು ಟವೆಲಿನ ಅಡಿಯಲ್ಲಿ ಕೈ ಸೇರಿಸಿ, ಬೆರಳು ಹಿಡಿದು ಧಾರಣೆ ತಿಳಿಸಬೇಕು, ಮೂರನೆಯವರಿಗೆ ಕಾಣಬಾರದು. ದೊಡ್ಡಪ್ಪ ಗೋಲುಗಳ ಎಣಿಕೆಯನ್ನೂ ಹಾಗೆಯೇ ತಿಳಿಯುತ್ತಿದ್ದರು. ಟವೆಲು ಹರಡಿ ಕೈ ಚಾಚುವರು. ನಾನು ಕೈ ತೂರಿಸಿ, ಮೊದಲು ನಮ್ಮ ಗೋಲಿನಷ್ಟು ಬೆರಳು, ಆಮೇಲೆ ಅವರ ಗೋಲಿನಷ್ಟು ಬೆರಳು ಹಿಡಿಯಬೇಕು. ಇಡೀ ಊರು ಕಣ್ಣಾರೆ ಕಂಡ ಸೋಲನ್ನು ನಾವಿಬ್ಬರು ಗುಟ್ಟಾಗಿ ಇಟ್ಟುಕೊಳ್ಳುತ್ತಿದ್ದೆವು. ನಮ್ಮ ಗೋಲಿಗೆ ಹಿಡಿಯಲು ಬೆರಳೇ ಬೇಕಾಗದ ದಿನಗಳೇ ಹೆಚ್ಚು. ದೊಡ್ಡಪ್ಪ "ಪರ್ವಾಗಿಲ್ಲ ಬಿಡು" ಎಂದು ಸ್ಟೂಲು ಎತ್ತುತ್ತಿದ್ದರು.

ಹೀಗೆ ಎಂಟು ವರ್ಷ ನಡೆಯಿತು. ಒಂಬತ್ತನೆಯ ವರ್ಷ ಕ್ಲಬ್ಬಿನ ಕೈ ಬರಿದಾಯಿತು. ಚೆಂಡಿನ ಒಳಗಿನ ಬ್ಲ್ಯಾಡರಿಗೆ ಕರೀಂ ಸಾಬರು ಹಾಕಿದ್ದ ತೇಪೆಗಳೇ ಬ್ಲ್ಯಾಡರಿಗಿಂತ ಜಾಸ್ತಿಯಾಗಿ, ಒದ್ದ ಚೆಂಡು ನೆಟ್ಟಗೆ ಹೋಗುವುದನ್ನು ಬಿಟ್ಟಿತ್ತು. ಅಂಥ ಹೊತ್ತಿನಲ್ಲಿ ಚಿಂತಾಮಣಿಯವರು ಪಂದ್ಯಕ್ಕೆ ಬರುತ್ತೇವೆಂದು ಕಾಗದ ಬರೆದರು. ಪಂದ್ಯ ನಡೆಯುವ ಊರಿನವರು ಚೆಂಡು ಕೊಡಬೇಕು, ಊಟ ಹಾಕಬೇಕು, ಹಾರ ಹಾಕಬೇಕು. ಅದು ನಮ್ಮ ಕಡೆಯ ರಿವಾಜು. ಇದಕ್ಕೆ ದುಡ್ಡು ಹುಟ್ಟದಿದ್ದರೆ ಕ್ಲಬ್ಬು ಮುಚ್ಚುವುದೇ ಸರಿ ಎಂದು ಅಧ್ಯಕ್ಷರಾದ ಸ್ಕೂಲು ಮೇಷ್ಟ್ರು ಹೇಳಿದರು. ದೊಡ್ಡಪ್ಪನ ಮುಖ ಸಣ್ಣದಾಯಿತು.

ಅವರ ನೂಲಿನ ಮನೆಯ ಜಗಲಿಯಲ್ಲೇ ಸಭೆ ಸೇರಿತು. ನಾಟಕ ಆಡಿ ದುಡ್ಡೆತ್ತೋಣ ಎಂದರು ಮೇಷ್ಟ್ರು. ಹಿಂದಿನ ನಾಟಕದಲ್ಲಿ ಗದೆಯ ಏಟಿಗೆ ನಮ್ಮ ಸೆಂಟರ್ ಫಾರ್ವರ್ಡು ಒಂದು ತಿಂಗಳು ಕುಂಟಿದ್ದನ್ನು ಯಾರೋ ನೆನಪಿಸಿದರು. ಅದು ಅಲ್ಲಿಗೇ ನಿಂತಿತು. ಪಂದ್ಯಕ್ಕೆ ಟಿಕೆಟ್ ಇಡೋಣ ಎಂದು ಇನ್ನೊಬ್ಬ ಆಟಗಾರ ಹೇಳಿದಾಗ ಕರೀಂ ಸಾಬರು, "ಕೆರೆಗೆ ಬಾಗ್ಲು ಎಲ್ಲಿ ಇಡ್ತೀರಿ ಅಪ್ಪಾ?" ಎಂದು ಕೇಳಿದರು.

ಆಗ ದೊಡ್ಡಪ್ಪ ಬಾಯಿಬಿಟ್ಟರು. "ಹಿಡಿ ಗೂಡು ಎತ್ತಣ."

ದೇವರ ದೀಪಕ್ಕೆಂದು ಗೂಡು ಮಾರುವವರು ಒಂದೊಂದು ಹಿಡಿ ತೆಗೆದುಕೊಡುವ ಪದ್ಧತಿ ನಮ್ಮಲ್ಲಿ ಇತ್ತು. ಅದರ ಜೊತೆಗೇ ಫುಟ್‌ಬಾಲಿಗೂ ಒಂದು ಹಿಡಿ! ಎಲ್ಲರೂ ಭೇಷ್ ಎಂದರು. ದೊಡ್ಡಪ್ಪ ಬುಟ್ಟಿ ಹಿಡಿದು ಗೂಡಿನ ವ್ಯಾಪಾರದ ಜಾಗದಲ್ಲಿ ನಿಂತರು. ಜಂಗಮಕೋಟೆಯಿಂದ, ದಿಬ್ಬೂರಹಳ್ಳಿಯಿಂದ ಬಂದ ರೈತರಿಗೆ ಫುಟ್‌ಬಾಲ್ ಎಂದರೇನೆಂದು ವಿವರಿಸಿದರು. ಒಬ್ಬ ಮುದುಕರು, "ಯಾವ ದೇವ್ರಪ್ಪ ಅದು?" ಎಂದು ಕೇಳಿ ಭಕ್ತಿಯಿಂದ ಎರಡು ಹಿಡಿ ಹಾಕಿದರಂತೆ. ಸಂಜೆಯ ಹೊತ್ತಿಗೆ ಜಗಲಿಯ ಮೇಲೆ ದೊಡ್ಡದೊಂದು ಬಿದಿರ ತಟ್ಟೆಯ ತುಂಬ ಚಿನ್ನದ ಬಣ್ಣದ ಗೂಡು ಸೇರಿತ್ತು.

ಆಮೇಲೆ ಶುರುವಾಯಿತು ಚರ್ಚೆ. ಇವತ್ತೇ ಮಾರುವುದೋ, ಧಾರಣೆ ಏರಲಿ ಎಂದು ಕಾಯುವುದೋ? ಬಂದ ದುಡ್ಡಿನಲ್ಲಿ ಮೊದಲು ಚೆಂಡೋ, ಊಟವೋ? ಊಟವಾದರೆ ಅನ್ನವೋ, ಮುದ್ದೆಯೋ? ದಿನಾ ಸಂಜೆ ಸಭೆ, ದಿನಾ ಕಾಫಿ, ದಿನಾ ಮುಂದೂಡಿಕೆ. ಆರನೆಯ ಸಂಜೆ ಮೇಷ್ಟ್ರು ನಿರ್ಣಯದ ಪುಸ್ತಕ ತೆರೆದು ಬರೆಯತೊಡಗಿದಾಗ, ಹಾಳೆಯ ಮೇಲೆ ಬೆಳ್ಳಗಿನ ಚಿಟ್ಟೆಯೊಂದು ರೆಕ್ಕೆ ಅದುರಿಸುತ್ತಾ ನಡೆದು ಬಂತು. ಹಿಂದೆ ಇನ್ನೊಂದು ಬಂತು. ಎಲ್ಲರೂ ತಟ್ಟೆಯ ಕಡೆ ತಿರುಗಿದರು. ತಟ್ಟೆಗೆ ತಟ್ಟೆಯೇ ಅಲುಗಾಡುತ್ತಿತ್ತು.

ರೇಷ್ಮೆಯ ಊರಿನಲ್ಲಿ ಇದು ಕೂಸಿಗೂ ಗೊತ್ತಿರುವ ವಿಷಯ. ಗೂಡನ್ನು ಬೇಗ ಆವಿಗೆ ಹಿಡಿಯದಿದ್ದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಅದೇ ಕಸುಬಿನವರು. ಗೂಡು ಇಟ್ಟಿದ್ದ ಜಾಗದಿಂದ ಕುದಿಯುವ ಹಂಡೆಗೆ ಹತ್ತು ಹೆಜ್ಜೆ.

"ಆವಿಗೆ ಹಿಡಿಲಿಲ್ವೇನ್ರೀ?" ಎಂದು ಮೇಷ್ಟ್ರು ಕೂಗಿದರು.

"ಕ್ಲಬ್ಬಿನ ಸ್ವತ್ತು ಸ್ವಾಮಿ. ನಿರ್ಣಯ ಆಗ್ದೆ ನಾನ್ ಹೆಂಗೆ ಮುಟ್ಟೋದು?" ಎಂದರು ದೊಡ್ಡಪ್ಪ.

ಅವರು ಜಗಲಿಯ ಮೂಲೆಯಲ್ಲಿ ತಲೆಗೆ ಕೈಕೊಟ್ಟು ಕೂತರು. ಕ್ಲಬ್ಬನ್ನು ತಾನೇ ಮುಳುಗಿಸಿದೆ ಎಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರನ್ನು ಬೈಯಲು ಯಾರಿಗೂ ಬಾಯಿ ಬರಲಿಲ್ಲ.

ಪಂದ್ಯ ಆದದ್ದು ದೊಡ್ಡಮ್ಮನಿಂದ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು ತಾನು ಮಾಡುತ್ತೇನೆ, ಚೆಂಡನ್ನು ಚಿಂತಾಮಣಿಯವರೇ ತರಲಿ ಎಂದು ನನ್ನಿಂದ ಕಾಗದ ಬರೆಸಿದರು. ದಾರ ಪೋಣಿಸಲು ತೂತು ಆಗಲೇ ಇದೆಯಲ್ಲ ಎಂದು ಆ ಗೂಡುಗಳಲ್ಲೇ ಹಾರ ಕಟ್ಟಿದರು. ಚಿಂತಾಮಣಿಯ ಕ್ಯಾಪ್ಟನ್ನು ಕೊರಳ ಹಾರವನ್ನು ಮುಟ್ಟಿ ನೋಡಿ, "ಇದ್ಯಾವ ಹೂವು?" ಎಂದ. "ನಮ್ಮೂರ್ದು. ಬಾಡಲ್ಲ" ಎಂದರು ದೊಡ್ಡಪ್ಪ.

ಅದೇ ಕ್ಲಬ್ಬಿನ ಕೊನೆಯ ಪಂದ್ಯವೆಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡಪ್ಪ ಎಂದಿನಂತೆ ಸ್ಟೂಲು ಹಾಕಿ ಏರಿಯ ಕಡೆ ಮುಖ ಮಾಡಿ ಕೂತರು. ಕರೀಂ ಸಾಬರು ಏರಿ ಇಳಿದು ಬಂದು ಅವರ ಮುಂದೆ ನಿಂತರು.

"ಭಾಯ್, ಇದೇ ಲಾಸ್ಟು. ದೃಷ್ಟಿ ಉಳಿಸಿಕೊಂಡು ಇನ್ಯಾವ ಟೀಮಿಗೆ ಹಾಕ್ತೀರಿ? ತಿರುಗಿ."

"ಸೋತ್ಬಿಟ್ರೆ?" ಎಂದರು ದೊಡ್ಡಪ್ಪ.

"ನೀವು ನೋಡ್ದೆ ಇದ್ದಾಗ ನಾವೇನು ಗೆದ್ದಿದೀವಾ ದೊಡ್ಡಪ್ಪ?" ಎಂದೆ ನಾನು.

ಅವರು ಏಳಲಿಲ್ಲ. ನಮ್ಮ ಹುಡುಗರು ನಾಲ್ವರು ಬಂದು, ಅವರನ್ನು ಸ್ಟೂಲಿನ ಸಮೇತ ಎತ್ತಿ ಮೈದಾನದ ಕಡೆ ತಿರುಗಿಸಿ ಇಟ್ಟರು.

ಆ ದಿನ ಬೆನ್ನ ಹಿಂದಿನಿಂದ ಒಂದು ಪ್ರಶ್ನೆಯೂ ಬರಲಿಲ್ಲ. ಎಂಟು ವರ್ಷದ ಅಭ್ಯಾಸ, ನನಗೇ ತಡೆಯಲಾಗಲಿಲ್ಲ. ಏನು ಮಾಡುತ್ತಿದ್ದಾರೆಂದು ತಿರುಗಿ ನೋಡಿದೆ. ದೊಡ್ಡಪ್ಪ ಎರಡೂ ಕೈಯಲ್ಲಿ ಸ್ಟೂಲಿನ ಅಂಚು ಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದಾಗಲೇ ಮೊದಲನೆಯ ಗೋಲು ಬಿತ್ತು. ಆಮೇಲೆ ಇನ್ನೂ ಮೂರು ಬಿದ್ದವು. ನಮ್ಮವರು ಒಂದನ್ನೂ ಹೊಡೆಯಲಿಲ್ಲ.

ಸೀಟಿ ಊದಿದ ಮೇಲೆ ತಲೆ ತಗ್ಗಿಸಿಕೊಂಡು ಹೋಗಿ, ಅವರ ಹೆಗಲಿನ ಟವೆಲನ್ನು ನಾನೇ ತೆಗೆದು ಹರಡಿ, ಅಡಿಯಲ್ಲಿ ಕೈ ಚಾಚಿದೆ. ಅವರು ನನ್ನ ಬೆರಳನ್ನೆಲ್ಲ ಒಟ್ಟಿಗೆ ಮುಚ್ಚಿ ಹಿಡಿದುಕೊಂಡರು.

"ಬೇಡ ಬಿಡೋ. ನಾನೇ ನೋಡ್ದೆ" ಎಂದರು. ಕಣ್ಣು ತುಂಬಿತ್ತು. ಮೈದಾನದಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ನಮ್ಮ ಹುಡುಗರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಹೇಳಿದರು:

"ಇಷ್ಟು ಚೆನ್ನಾಗ್ ಆಡ್ತೀರಾ ಅಂತ ಎಂಟು ವರ್ಷದಿಂದ ಒಬ್ರೂ ನಂಗೆ ಹೇಳ್ಲಿಲ್ವಲ್ಲೋ."