ಕಾಕಾನ ಮೋಟಾರಿನ ಮೇಲೆ ವೇಗದ ಆರೋಪ

ನಮ್ಮ ಕಾಕಾನ ಮೇಲೆ ಯಾವ ಆರೋಪವನ್ನಾದರೂ ಹೊರಿಸಿ, ನಂಬುತ್ತೇನೆ. ಆದರೆ ಅವರು ಮೋಟಾರು ಜೋರಾಗಿ ಓಡಿಸಿದರೆಂದರೆ? ಸಾಧ್ಯವೇ ಇಲ್ಲ!

ಗಡಹಿಂಗ್ಲಜದಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಕಾಕಾ ಆ ಮೋಟಾರನ್ನು ಕೊಂಡಾಗಲೇ ಅದು ಹಳೆಯದು. ಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆದಮೇಲೆ ಅದರ ಬೆನ್ನಿಗೊಂದು ಇದ್ದಲಿನ ಒಲೆ ಕಟ್ಟಿಸಿದರು. ಅದರ ಹೊಗೆಯಿಂದ ಗಾಡಿ ಓಡಬೇಕು! ಹೊರಡುವ ಮೊದಲು ಅರ್ಧ ಗಂಟೆ ಕಾಕಾ ಗಾಳಿ ಹಾಕುತ್ತ ಕೂರುವರು. ನೋಡಿದವರು ಅಡುಗೆಗೆ ಕೂತಿದ್ದಾರೆಂದೇ ತಿಳಿಯಬೇಕು. ಒಮ್ಮೆ ಏರಿನಲ್ಲಿ ಹಿಂದಿನಿಂದ ಒಂದು ಕುರಿಹಿಂಡು ಬಂತು.

"ಸಾವ್ಕಾರ್ರ, ಸ್ವಲ್ಪ ದಾರಿ ಬಿಡ್ರಿ. ಕುರಿಗೋಳಿಗೆ ತಡಾ ಆಗತೈತಿ," ಎಂದ ಕುರುಬ.

ಕಾಕಾ ಗೌರವದಿಂದ ದಾರಿ ಬಿಟ್ಟುಕೊಟ್ಟರು!

ಇಂಥವರಿಗೆ ಇಚಲಕರಂಜಿಯ ಕೋರ್ಟಿನಿಂದ ಸಮನ್ಸ್ ಬಂತು: ಪೇಟೆಯಲ್ಲಿ ಅತಿವೇಗವಾಗಿ ಮೋಟಾರು ಓಡಿಸಿದ್ದೀರಿ! ಕೊಲ್ಹಾಪುರದಲ್ಲಿ ಕಾನೂನು ಓದುತ್ತಿದ್ದ ನಾನು ಸುದ್ದಿ ಕೇಳಿ ಓಡಿಬಂದೆ. ಗೆಲ್ಲುವುದಕ್ಕೆಂದೇ ಹುಟ್ಟಿದ ಕೇಸು!

"ತಪ್ಪ ಒಪ್ಪಿ ದಂಡಾ ಕಟ್ಟಿ ಬರತೇನಿ, ಬಿಡೋ," ಎಂದರು ಕಾಕಾ.

"ಯಾಕ್ರಿ ಕಾಕಾ? ಗಾಡೀನ ಕೋರ್ಟಿನ ಮುಂದ ಓಡಿಸಿ ತೋರಸೂಣು. ಸಾಹೇಬ್ರು ನಕ್ಕ ಬಿಟ್ಟ ಬಿಡತಾರ!"

"ಮತ್ತ ನನ್ನ ಗಾಡಿ ಮರ್ಯಾದಿ?"

ಅಲ್ಲೇ ಕೂತಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ಎದ್ದು ಒಳಗೆ ಹೋದಳು.

ನಾನು ಬಿಡುತ್ತೇನೆಯೇ? ವಕೀಲರನ್ನು ಹಿಡಿದೆ, ಆ ಕುರುಬನನ್ನು ಸಾಕ್ಷಿಗೆ ಒಪ್ಪಿಸಿದೆ. ಅವನು ಕಟಕಟೆಯಲ್ಲಿ ಕೈಮುಗಿದು, "ಆ ಗಾಡಿ ನನ್ನ ಕುಂಟ ಟಗರನೂ ಹಿಂದ ಹಾಕಿಲ್ರಿ," ಎಂದಾಗ ಪೊಲೀಸಪ್ಪನೂ ನಕ್ಕ. ಕೇಸು ಗೆದ್ದಂತೆಯೇ!

ಅಷ್ಟರಲ್ಲಿ ಕಾಕಾ ಎದ್ದು ನಿಂತರು.

"ಸಾಹೇಬ್ರ, ಇವರು ಹೇಳೂದು ಖರೇ. ಆದ್ರ ಅವತ್ತ ಗಾಡಿ ಓಡೇತ್ರಿ. ತಿಂಗಳಿಂದ ಉಳಿಸಿಟ್ಟ ಪೆಟ್ರೋಲ್ ಎಲ್ಲಾ ಸುರದಿದ್ನಿ. ನಮ್ಮ ಮನಿಯಾಕಿ ತವರು ಇದ ಊರು. ಅವರವ್ವಗ ಭಾಳ ಜಡ್ಡಂತ ತಾರ ಬಂದಿತ್ತು. ಅವತ್ತ ಓಡಿಲ್ಲಂತ ನಾ ಹ್ಯಾಂಗ ಹೇಳ್ಲಿ?"

ಕಾಕುವಿನ ತಾಯಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಅದು ಅದೇ ದಿನವೆಂದು ಗೊತ್ತಿರಲಿಲ್ಲ.

ಅಲ್ಲಿಯವರೆಗೆ ಮರಾಠಿಯಲ್ಲೇ ಮಾತಾಡುತ್ತಿದ್ದ ನ್ಯಾಯಾಧೀಶರು ಮೆಲ್ಲಗೆ ಕನ್ನಡದಲ್ಲಿ ಕೇಳಿದರು: "ವ್ಯಾಳ್ಯಾಕ್ಕ ಮುಟ್ಟಿದ್ರೇನು?"

"ಮುಟ್ಟಿದ್ವಿರಿ. ಮಗಳ ಕೈಲೆ ಎರಡ ಗುಟುಕು ನೀರು ಕುಡದ್ರು."

ದಂಡ ಬಿತ್ತು. ಹೊರಗೆ ಬೇವಿನ ಮರದ ಕೆಳಗೆ ಕಾಯುತ್ತಿದ್ದ ಕಾಕು, "ಏನಾತ್ರಿ?" ಎಂದು ಕೇಳಿದಳು.

"ದಂಡಾ ಹಾಕಿದ್ರು. ನಮ್ಮ ಗಾಡಿ ಭಾಳ ಜೋರ ಓಡತೈತಂತ!"

ಕಾಕು ನಗಲು ಹೋದಳು. ಆಗಲಿಲ್ಲ. ಅಷ್ಟು ಜನರೆದುರು ಕಾಕಾನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.