ಯೊಲ್ದೊಶನಿಗೆ ಬಂದ ಸೀನು

ಯೊಲ್ದೊಶ್ ಒಮ್ಮೆ ಸೀನಿದ. ಅಂಗಳದಲ್ಲಿ ಕೂತು ಮದುವೆ ಪಲಾವಿಗೆ ಕ್ಯಾರೆಟ್ ಹೆಚ್ಚುತ್ತಿದ್ದ ಓಣಿಯವರೆಲ್ಲ ಚಾಕು ನಿಲ್ಲಿಸಿ ತಲೆಯೆತ್ತಿದರು.

ಮಾರ್ಗಿಲಾನ್ ಪಟ್ಟಣದ ಆ ಓಣಿಯಲ್ಲಿ ಅಂದು ಮಿರ್ಝಾಕರೀಮರ ಮಗಳ ಮದುವೆ. ವರ್ಷಗಟ್ಟಲೆ ಬೇರೆಯವರ ಹಂಡೆಗೆ ಈರುಳ್ಳಿ ಸುಲಿದ ಯೊಲ್ದೊಶನ ಕೈಗೆ ಮೊದಲ ಸಲ ಸೌಟು ಬಂದಿತ್ತು. ಇದೊಂದು ಸರಿಹೋದರೆ ಮುಂದಿನ ಮದುವೆಗಳೆಲ್ಲ ಅವನವೇ.

"ಜೀರಿಗೆ ಘಾಟು, ಅಷ್ಟೇ," ಎಂದ.

"ಘಾಟೂ ಇಲ್ಲ, ಗೀಟೂ ಇಲ್ಲ. ನಿನ್ನೆ ನೀನು ತಣ್ಣನೆ ಕಲ್ಲಿನ ಮೇಲೆ ಕೂತಿದ್ದೆ, ನಾನೇ ನೋಡ್ದೆ. ಶೀತ ಕೆಳಗಿಂದ ಏರಿದೆ," ಎಂದಳು ಪಕ್ಕದ ಮನೆಯ ಖೊಸಿಯತ್ ಚಿಕ್ಕಮ್ಮ. ಶೀತಕ್ಕೆ ಉಷ್ಣವೇ ಮದ್ದು. ಕುರಿಬಾಲದ ಕೊಬ್ಬು ಕರಗಿಸಿ ಒಂದು ಬಟ್ಟಲು ಕುಡಿಸಿಯೇಬಿಟ್ಟಳು. ಯೊಲ್ದೊಶ್ ಬೆವರಿ ಕೆಂಪಗಾದ.

ಅಷ್ಟರಲ್ಲಿ ಕ್ಷೌರದಂಗಡಿಯ ಸೊಬಿರ್ ಬಂದ. "ಯಾವ ಪುಣ್ಯಾತ್ಗಿತ್ತಿ ಇವನಿಗೆ ಕೊಬ್ಬು ಕುಡಿಸಿದ್ದು? ಇದು ಉಷ್ಣ! ತಂದೂರಿ ಒಲೆ ಥರ ಉರೀತಿದಾನೆ ನೋಡಿ!"

ಉಷ್ಣಕ್ಕೆ ಹುಳಿಮಜ್ಜಿಗೆ. ಕೊಬ್ಬಿನ ಮೇಲೆ ಮಜ್ಜಿಗೆ ಬಿದ್ದದ್ದೇ ಹೊಟ್ಟೆ ಹಳೇ ಲಾರಿಯಂತೆ ಗುಡುಗಿತು. ಕೆಂಪು ಮುಖ ಹಳದಿಗೆ ತಿರುಗಿತು.

"ಕಾಮಾಲೆ!" ಎಂದು ಯಾರೋ ಕೂಗಿದರು.

ಮಿರ್ಝಾಕರೀಮರು ಓಡಿಬಂದರು. "ನಮ್ ಬೀಗರಿಗೆಲ್ಲ ಕಾಮಾಲೆ ಬಡಿಸಬೇಕು ಅಂತಿದ್ದೀಯೇನೋ?"

ಯೊಲ್ದೊಶ್ ತಾನೇ ಹೋಗಿ ಡಾಕ್ಟರಮ್ಮನನ್ನು ಕರೆತಂದ. ಆಕೆ ಕಣ್ಣು, ನಾಲಿಗೆ, ಉಗುರು ನೋಡಿದಳು, ಹೊಟ್ಟೆ ಒತ್ತಿದಳು.

"ಶೀತ ಇಲ್ಲ, ಉಷ್ಣ ಇಲ್ಲ, ಕಾಮಾಲೆಯಂತೂ ಇಲ್ಲವೇ ಇಲ್ಲ. ಇವನಿಗೆ ಯಾವ ರೋಗಾನೂ ಇಲ್ಲ."

ಯೊಲ್ದೊಶ್ ಗೆದ್ದವನಂತೆ ಸೊಂಟಕ್ಕೆ ವಸ್ತ್ರ ಬಿಗಿದ. ಆದರೆ ಅಂಗಳದಲ್ಲಿ ಒಬ್ಬರೂ ಮತ್ತೆ ಚಾಕು ಎತ್ತಿಕೊಳ್ಳಲಿಲ್ಲ.

"ಶೀತ ಅಲ್ಲ, ಉಷ್ಣ ಅಲ್ಲ," ಎಂದಳು ಚಿಕ್ಕಮ್ಮ ಮೆಲ್ಲಗೆ. "ಡಾಕ್ಟರ ಕೈಗೂ ಸಿಗ್ಲಿಲ್ಲ. ಇನ್ನೇನು ಉಳೀತು?"

"ದೃಷ್ಟಿ!" ಎಂದ ಸೊಬಿರ್. ಇಬ್ಬರೂ ಒಪ್ಪಿದ್ದು ಅದೇ ಮೊದಲು.

ದೃಷ್ಟಿ ತಾಗಿದ ಕೈ ಮದುವೆ ಹಂಡೆ ಮುಟ್ಟಿದರೆ ನೆಟ್ಟಗೆ ಮದುಮಗಳಿಗೇ ಬಡಿಯುತ್ತದೆ. ಸೌಟು ಸೊಬಿರನ ಭಾವಮೈದುನನ ಪಾಲಾಯಿತು.

"ಏನ್ಮಾಡೋದು ತಮ್ಮಾ," ಎಂದು ಮಿರ್ಝಾಕರೀಮರು ನಿಜವಾಗಿಯೂ ಮರುಗಿದರು. "ಕಾಮಾಲೆ ಆಗಿದ್ದಿದ್ರೆ ನಿನ್ನ ಹಂಡೆಯಿಂದ ದೂರ ಕೂರಿಸಿ, ನೀನು ಹೇಳಿದ ಹಾಗೆ ಬೇರೆಯವರ ಕೈಲಿ ಮಾಡಿಸಿ, ಹೆಸರು ನಿನ್ನದೇ ಇಡ್ತಿದ್ದೆ."

ಯೊಲ್ದೊಶ್ ಬಾಗಿಲವರೆಗೆ ಓಡಿ ಡಾಕ್ಟರಮ್ಮನ ಚೀಲ ಹಿಡಿದುಕೊಂಡ.

"ಇನ್ನೊಂದ್ಸಲ ನೋಡಿಯಮ್ಮಾ, ಒಂಚೂರಾದ್ರೂ ಕಾಮಾಲೆ ಇದ್ದೀತು!"