ಎಸೆನ್‌ಕುಲ್ ಹೊರಡಿಸಿದ ಮತದಾನದ ಫರ್ಮಾನು

ಕೋಕ್-ಬುಲಾಕ್ ಊರಿನ ಯುವಜನರಿಗೆ ಬುದ್ಧಿ ಕಲಿಸುವ ಗುತ್ತಿಗೆಯನ್ನು ದೇವರು ತನ್ನೊಬ್ಬನ ಹೆಸರಿಗೇ ಬರೆದುಕೊಟ್ಟಿದ್ದಾನೆಂದು ಎಸೆನ್‌ಕುಲ್ ಬಲವಾಗಿ ನಂಬಿದ್ದ. ಸಂಸತ್ತಿನ ಚುನಾವಣೆಗೆ ಇನ್ನೂ ಎರಡು ತಿಂಗಳು ಇರುವಾಗಲೇ ಒಂದು ದಿನ ಟೀ ಅಂಗಡಿಯಲ್ಲಿ ಎದ್ದು ನಿಂತ. ತಲೆಯ ಮೇಲಿನ ಬಿಳಿ ಕಲ್ಪಾಕ್ ಟೋಪಿಯನ್ನು ನೆಟ್ಟಗೆ ಮಾಡಿಕೊಂಡ. ಟೀ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ. ರಾಜಾಧಿರಾಜರು ಫರ್ಮಾನು ಹೊರಡಿಸುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರಲ್ಲ, ಅದನ್ನೂ ಮಾಡಿದ.

"ಕಳೆದ ಸಲ ನಮ್ಮ ಬೀದಿ ಹುಡುಗ್ರಲ್ಲಿ ಅರ್ಧಕ್ಕರ್ಧ ಜನ ಓಟೇ ಹಾಕ್ಲಿಲ್ಲ! ನಾಚಿಕೆ ಆಗ್ಬೇಕು! ಹೆಸರು ಬರೆಸಿ ಬೆರಳಚ್ಚು ಕೊಡೋಕೆ ಸೋಮಾರಿತನ, ಮತಗಟ್ಟೆವರೆಗೆ ನಡೆಯೋಕೆ ಸೋಮಾರಿತನ. ಫೋನ್ ಮೇಲೆ ಮಾತ್ರ ಅದೇ ಬೆರಳು ಹಗಲೂ ರಾತ್ರಿ ಕುದುರೆ ಥರ ಓಡುತ್ತೆ! ಈಗ ಹೇಳ್ತೀನಿ ಕೇಳಿ. ಓಟು ಹಾಕದ ಮನೆಗೆ ಈ ಸೀಮೇಲಿ ಯಾರೂ ಹೆಣ್ಣು ಕೊಡಬಾರ್ದು. ಆ ಮನೆಯಿಂದ ಹೆಣ್ಣು ತರಲೂಬಾರ್ದು!"

ಅಂಗಡಿಯಲ್ಲಿದ್ದವರು ಭೇಷ್ ಭೇಷ್ ಎಂದರು. ಎಸೆನ್‌ಕುಲ್ ಅಷ್ಟಕ್ಕೇ ಕೂತುಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂಲೆಯಲ್ಲಿ ಕೆನೆಶ್ ಕೂತಿದ್ದ. ಎಸೆನ್‌ಕುಲ್‌ನ ಪಕ್ಕದ ಮನೆಯವನು, ಬಾಲ್ಯದ ಗೆಳೆಯ, ಊರಿನ ಏಕೈಕ ಟ್ರ್ಯಾಕ್ಟರಿನ ಯಜಮಾನ, ಗೆಳೆಯನನ್ನು ಕೆಣಕುವುದರಲ್ಲಿ ನಿಸ್ಸೀಮ.

"ಅಲ್ಲಯ್ಯಾ, ಊರಿನ ಮಾತು ಬಿಡು. ನಿನ್ನ ಮನೇಲಿ ಎಲ್ಲರೂ ಹಾಕ್ತಾರೋ?" ಎಂದ ಕೆನೆಶ್.

"ನನ್ನ ಮನೇಲಾ! ನಾನು, ಬುರುಲ್ಚಾ, ಮಗಳು ಜಿಪಾರ್. ಮೂರರಲ್ಲಿ ಒಂದು ಓಟು ತಪ್ಪಿದ್ರೂ ಈ ಕಲ್ಪಾಕ್ ತೆಗೆದಿಟ್ಟು, ನನ್ನ ಹೆಂಡತಿಯ ಹೂವಿನ ತಲೆವಸ್ತ್ರ ಕಟ್ಕೊಂಡು, ಇದೇ ಅಂಗಡಿಗೆ ಬಂದು ನಿಮಗೆಲ್ಲ ಸೊಸೆ ಥರ ಟೀ ಬಗ್ಗಿಸ್ತೀನಿ!"

ನಮ್ಮಲ್ಲಿ ಕಲ್ಪಾಕ್ ಅಂದರೆ ಆಟದ ವಸ್ತುವಲ್ಲ. ಗಂಡಸು ಅದನ್ನು ನೆಲಕ್ಕೆ ಇಡುವುದಿಲ್ಲ, ಎರವಲು ಕೊಡುವುದಿಲ್ಲ, ಮಾತಿಗೂ ಪಣಕ್ಕಿಡುವುದಿಲ್ಲ. ಅಂಗಡಿಯಲ್ಲಿದ್ದವರೆಲ್ಲ ಟೀ ಬಟ್ಟಲು ಕೆಳಗಿಟ್ಟರು. ಕೆನೆಶ್ ಮಾತ್ರ ಕೈ ಚಾಚಿ, "ಆಯ್ತು, ಕೊಡು ಕೈ" ಎಂದ.

ಸುದ್ದಿ ಗಂಡನಿಗಿಂತ ಮೊದಲೇ ಮನೆ ಮುಟ್ಟಿತ್ತು.

"ರೀ, ಪಣಕ್ಕಿಡೋಕೆ ನನ್ನ ತಲೆವಸ್ತ್ರವೇ ಬೇಕಿತ್ತಾ?" ಎಂದಳು ಬುರುಲ್ಚಾ, ಹಿಟ್ಟು ನಾದುವುದನ್ನು ನಿಲ್ಲಿಸದೆ.

"ಅದಕ್ಕೇನು ಅಪಾಯ ಇಲ್ಲ ಕಣೇ. ಗೆಲ್ಲೋದು ನಾನೇ."

"ವಸ್ತ್ರದ ಬಗ್ಗೆ ನನಗೆ ಭಯ ಇಲ್ಲ. ನಿಮ್ಮ ಮುಖಕ್ಕೆ ಆ ಬಣ್ಣ ಒಪ್ಪುತ್ತೋ ಅಂತ ನೋಡ್ತಿದ್ದೆ."

ಎಸೆನ್‌ಕುಲ್ ಇಂಥ ಚಿಲ್ಲರೆ ಮಾತಿಗೆ ಜಗ್ಗುವವನಲ್ಲ. ಮರುವಾರವೇ ಬೀದಿಯಲ್ಲಿ ಬೆರಳಚ್ಚು ಕೊಡದಿದ್ದ ಹುಡುಗ ಹುಡುಗಿಯರನ್ನೆಲ್ಲ ಗುಡ್ಡೆಹಾಕಿ, ಕೆನೆಶ್‌ನದೇ ಟ್ರ್ಯಾಕ್ಟರಿನ ಹಿಂದೆ ಹತ್ತಿಸಿ, ತಾಲ್ಲೂಕು ಕಚೇರಿಗೆ ಸಾಗಿಸಿದ. ದಾರಿಯುದ್ದಕ್ಕೂ ಪ್ರಜಾಪ್ರಭುತ್ವದ ಬಗ್ಗೆ ಉಪನ್ಯಾಸ. ಕೇಳಲಾರದೆ ಹುಡುಗರು ನಾವು ನಡೆದೇ ಹೋಗ್ತೀವಿ ಎಂದರಂತೆ! ಅಂತೂ ಎಲ್ಲರ ಹೆಸರೂ ಪಟ್ಟಿ ಸೇರಿತು. ಇನ್ನು ಉಳಿದಿದ್ದು ರಾಜಧಾನಿಯಲ್ಲಿ ಪಶುವೈದ್ಯ ಓದುತ್ತಿದ್ದ ಸ್ವಂತ ಮಗಳು. ಅವಳ ಓಟು ಇದ್ದದ್ದು ಊರಿನಲ್ಲಿ.

"ಅಪ್ಪ, ಓಟು ಭಾನುವಾರ, ಮಂಗಳವಾರ ನನಗೆ ಮೂಳೆಗಳ ಪರೀಕ್ಷೆ ಇದೆ" ಎಂದಳು ಜಿಪಾರ್ ಫೋನಿನಲ್ಲಿ.

"ಮೂಳೆ ಎಲ್ಲಿಗೂ ಓಡಿಹೋಗಲ್ಲ ಮಗಳೇ. ನಿನ್ನ ಮೊದಲನೇ ಓಟು! ದೇಶ ಕಾಯ್ತಿದೆ!"

"ದೇಶ ಕಾಯ್ತಿದೆಯೋ, ನಿನ್ನ ಟೋಪಿ ಕಾಯ್ತಿದೆಯೋ?"

ಎಸೆನ್‌ಕುಲ್‌ಗೆ ಕೆಮ್ಮು ಬಂತು. ಜಿಪಾರ್ ನಕ್ಕು, "ಬರ್ತೀನಿ ಬಿಡಪ್ಪ. ನಿನಗೋಸ್ಕರ ಅಲ್ಲ, ನನಗೂ ಹಾಕ್ಬೇಕು ಅಂತಿದೆ. ಆದ್ರೆ ಒಂದು ಮಾತು. ಮೊದಲು ನಿನ್ನ ಓಟು ಹಾಕು, ಆಮೇಲೆ ಊರಿಗೆ ಬುದ್ಧಿ ಹೇಳು" ಎಂದಳು.

ಚುನಾವಣೆಯ ಭಾನುವಾರ ಬಂತು. ಬುರುಲ್ಚಾ ಬೆಳಿಗ್ಗೆ ಹಾಲು ಕರೆದು, ಶಾಲೆಯಲ್ಲಿದ್ದ ಮತಗಟ್ಟೆಯ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಓಟು ಹಾಕಿ, ಬರುವಾಗ ಅಂಗಡಿಯಿಂದ ಉಪ್ಪನ್ನೂ ತಂದಳು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅದರಲ್ಲೇನಿದೆ ಎಂದು ಅವಳಿಗೆ ತೋರಿರಬೇಕು. ಎಸೆನ್‌ಕುಲ್ ಮಾತ್ರ ಶಾಲೆಯ ಗೇಟಿನಲ್ಲಿ ಎದೆಯುಬ್ಬಿಸಿ ನಿಂತು, ಬರುವ ಹುಡುಗರ ಬೆನ್ನು ತಟ್ಟಿ ತಟ್ಟಿ ಒಳಗೆ ಕಳಿಸುತ್ತಿದ್ದ.

"ನೀನು ಹಾಕಿದ್ಯಾ ಅಪ್ಪ?" ಕೇಳಿದಳು ಜಿಪಾರ್, ಬ್ಯಾಗು ಹೊತ್ತು ಬಂದವಳು.

"ಹಿಂಡೆಲ್ಲ ದೊಡ್ಡಿ ಸೇರಿದ ಮೇಲೆ ಕುರಿಗಾಹಿ ಒಳಗೆ ಹೋಗೋದು ಮಗಳೇ! ಎಂಟರವರೆಗೆ ಟೈಮಿದೆ."

ಅಂದು ಬಂದ ಹಿಂಡಾದರೂ ಎಂಥದ್ದು! ಹುಡುಗರು ಕೂದಲಿಗೆ ನೀರು ಹಚ್ಚಿ ಬಾಚಿದ್ದರು. ಹುಡುಗಿಯರು ಹಬ್ಬದ ಬಟ್ಟೆ ತೊಟ್ಟಿದ್ದರು. ಮಧ್ಯಾಹ್ನದವರೆಗೆ ಹಾಸಿಗೆ ಬಿಡದ ಮಹಾಶಯರೂ ಸಾಲಿನಲ್ಲಿದ್ದರು. ತನ್ನ ಉಪನ್ಯಾಸ ಫಲ ಕೊಟ್ಟಿತೆಂದು ಎಸೆನ್‌ಕುಲ್ ಹಿಗ್ಗಿದ. ನಿಜ ಏನೆಂದರೆ ಅವನ ಫರ್ಮಾನು ಊರಿನ ತಾಯಂದಿರ ಕಿವಿಗೆ ಬಿದ್ದಿತ್ತು. ಓಟು ಹಾಕದಿದ್ದರೆ ಹೆಣ್ಣು ಸಿಗಲ್ಲ ಎಂದು ಅವರು ಗಂಡುಮಕ್ಕಳನ್ನು ಹಾಸಿಗೆಯಿಂದ ಎಳೆದು ಅಟ್ಟಿದ್ದರು. ಅಷ್ಟಕ್ಕೇ ನಿಲ್ಲದೆ ಇನ್ನೂ ಮುಂದಕ್ಕೆ ಯೋಚಿಸಿದ್ದರು.

ನಮ್ಮ ಮತಗಟ್ಟೆಯಲ್ಲಿ ಬೆರಳನ್ನು ಯಂತ್ರದ ಮೇಲೆ ಒತ್ತಿದೊಡನೆ, ಓಟು ಹಾಕುವವರ ಮುಖ, ಹೆಸರು, ಹುಟ್ಟಿದ ವರ್ಷ ಎಲ್ಲ ಗೋಡೆಯ ದೊಡ್ಡ ಪರದೆಯ ಮೇಲೆ ಮೂಡುತ್ತದೆ. ಕಳ್ಳ ಓಟು ತಪ್ಪಿಸಲು ಸರ್ಕಾರ ಮಾಡಿದ ಏರ್ಪಾಡು. ಆದರೆ ಮದುವೆ ವಯಸ್ಸಿನ ಮಗನಿರುವ ತಾಯಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಯಾವುದು? ವೀಕ್ಷಕರ ಬೆಂಚಿನ ತುಂಬ ಹೆಂಗಸರು. ಕೈಯಲ್ಲಿ ಸೂರ್ಯಕಾಂತಿ ಬೀಜ, ಮೂಗಿನ ಮೇಲೆ ಕನ್ನಡಕ, ಕಣ್ಣು ಪರದೆಯ ಮೇಲೆ.

"ಇವಳು ಯಾರ ಮಗಳೇ?"

"ಎತ್ತರ ಸ್ವಲ್ಪ ಕಮ್ಮಿ."

"ಮುಖ ಅಷ್ಟೇ ಕಾಣ್ತಿರೋದು, ಎತ್ತರ ನಿಂಗೆ ಹೇಗೆ ಗೊತ್ತಾಯ್ತೇ?"

"ಕುತ್ತಿಗೆ ನೋಡಿ ಹೇಳ್ದೆ!"

ಆಗ ಪರದೆಯ ಮೇಲೆ ಜಿಪಾರ್ ಬಂದಳು. ಮೊದಲ ಸಲ ಓಟು ಹಾಕುವವಳೆಂದು ಮತಗಟ್ಟೆಯವರು ಚಪ್ಪಾಳೆ ತಟ್ಟಿ ಒಂದು ಹೂವು ಕೊಟ್ಟರು. ಬೆಂಚಿನ ಮೇಲೆ ಬೀಜ ಅಗಿಯುವುದು ನಿಂತಿತು. ಮಗನಿಗೆ ಹೆಣ್ಣು ಹುಡುಕುತ್ತಿದ್ದ ಹೊಳೆಯಾಚೆಯ ತಾಜಿಗುಲ್ ಎಂಬಾಕೆ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿ, ಸದ್ದಿಲ್ಲದೆ ಎದ್ದು ಹೊರಗೆ ಹೋದಳು.

ಮಧ್ಯಾಹ್ನ ದಾಟಿದ ಮೇಲೆ ಗೇಟಿನಲ್ಲಿದ್ದ ಎಸೆನ್‌ಕುಲ್‌ಗೆ ಹೆಂಡತಿಯ ಫೋನು ಬಂತು.

"ರೀ, ತಕ್ಷಣ ಬನ್ನಿ. ಮನೆಗೆ ಹೆಣ್ಣು ಕೇಳೋಕೆ ಬಂದಿದ್ದಾರೆ."

"ಯಾರ ಹೆಣ್ಣು?"

"ನಮ್ಮ ಮನೇಲಿ ಎಷ್ಟು ಹೆಣ್ಣಿದೆ ಅಂದ್ಕೊಂಡಿದ್ದೀರಿ? ಒಸ್ಮೋನ್ ಅಜ್ಜನ್ನೇ ಕರ್ಕೊಂಡು ಬಂದಿದ್ದಾರೆ!"

ಎಸೆನ್‌ಕುಲ್‌ನ ಕಾಲು ತಾನಾಗಿಯೇ ಮನೆ ಕಡೆ ತಿರುಗಿತು. ಒಸ್ಮೋನ್ ಅಜ್ಜ ಆ ಕಣಿವೆಗೇ ಹಿರಿಯ. ಗಡ್ಡ ಹಿಮದಷ್ಟು ಬಿಳಿ. ಅಂಥವರು ಬಂದಾಗ ಯಜಮಾನ ಮನೆಯಲ್ಲಿ ಇಲ್ಲದಿರುವುದುಂಟೆ? ಅವರೆದುರು ಒಲ್ಲೆ ಎನ್ನುವುದುಂಟೆ?

ಮನೆಯಲ್ಲಿ ತಾಜಿಗುಲ್, ಅವಳ ಅಣ್ಣ, ನಡುವೆ ಅಜ್ಜ ಊಟದ ಹಾಸಿನ ಸುತ್ತ ಕೂತಿದ್ದರು. ಕುರಿ ಕಡಿದದ್ದಾಯಿತು. ಮಾಂಸ ಬೇಯಬೇಕು, ಕುರಿ ಮಾಂಸಕ್ಕೆ ಚುನಾವಣೆಯ ಅವಸರ ತಿಳಿಯುವುದಿಲ್ಲ. ಟೀ ಮೇಲೆ ಟೀ ಬಂತು. ತಾಜಿಗುಲ್ ಚೀಲದಿಂದ ಒಂದು ಜೊತೆ ಬೆಳ್ಳಿಯ ಓಲೆ ತೆಗೆದು ತೋರಿಸಿದಳು.

"ಊಟ ಆಗಿ, ಅಜ್ಜ ಆಶೀರ್ವಾದ ಮಾಡಿದ ಮೇಲೆ ನಾನೇ ಹುಡುಗಿ ಕಿವಿಗೆ ಹಾಕ್ತೀನಿ. ಅಜ್ಜನ ಬಾಯಿಂದ ಮಾತು ಬಂತು ಅಂದ್ರೆ ಮುಗೀತು."

ಓಲೆ ಹಾಕಿದರೆ ನಿಶ್ಚಿತಾರ್ಥ ಆದಂತೆಯೇ! ಅಡುಗೆಮನೆಯಲ್ಲಿ ಜಿಪಾರ್ ತಾಯಿಯ ತೋಳು ಹಿಡಿದು, "ಅಮ್ಮ, ನನಗೀಗ ಮದುವೆ ಬೇಡ. ಓದು ಮುಗೀಬೇಕು. ಅಪ್ಪಂಗೆ ಹೇಳು" ಎಂದದ್ದು ಎಸೆನ್‌ಕುಲ್‌ನ ಕಿವಿಗೂ ಬಿತ್ತು. ಅವನು ಗಡ್ಡ ಕೆರೆದುಕೊಂಡ. ಒಂದು ಕಡೆ ಗೋಡೆ ಗಡಿಯಾರ, ಇನ್ನೊಂದು ಕಡೆ ಬೆಳ್ಳಿ ಓಲೆ.

ಊಟ ಬಂತು. ಪದ್ಧತಿಯಂತೆ ಕುರಿಯ ತಲೆ ಅಜ್ಜನ ಮುಂದೆ. ಅಜ್ಜ ನಿಧಾನಕ್ಕೆ, ಕಿವಿ ಯಾರಿಗೆ, ನಾಲಿಗೆ ಯಾರಿಗೆ ಎಂದು ಹಂಚಿ, ಒಂದೊಂದು ತುಂಡಿಗೆ ಒಂದೊಂದು ಹಳೆಯ ಕಥೆ ಹೇಳಿ, ಬಿಸಿ ಸಾರು ಕುಡಿದು, ದೊಡ್ಡದಾಗಿ ತೇಗಿದ. ಇನ್ನೇನು ಆಶೀರ್ವಾದ ಎಂದು ಎಲ್ಲರೂ ನೆಟ್ಟಗೆ ಕೂತರು. ಅಜ್ಜನ ಗಲ್ಲ ಎದೆಗೆ ಇಳಿಯಿತು. ಗೊರಕೆ ಶುರುವಾಯಿತು!

ಹಿರಿಯರು ಆಶೀರ್ವಾದ ಮಾಡದೆ ಹಾಸಿನಿಂದ ಯಾರೂ ಏಳುವಂತಿಲ್ಲ. ಮಲಗಿದ ಹಿರಿಯರನ್ನು ಎಬ್ಬಿಸುವಂತೆಯೂ ಇಲ್ಲ. ಈ ಎರಡು ಶಾಸನಗಳ ನಡುವೆ ನಮ್ಮ ಎಸೆನ್‌ಕುಲ್ ಅಡಕತ್ತರಿಯಲ್ಲಿ ಸಿಕ್ಕಿಕೊಂಡ.

"ನಾನು ಒಲೆಗೆ ಸ್ವಲ್ಪ ಸೌದೆ ತರ್ತೀನಿ" ಎಂದು ಮೊಣಕಾಲೂರಿದ.

"ಕೂತ್ಕೋ ಬೀಗ, ಮನೆಯವನೇ ಎದ್ದರೆ ನಮ್ಮನ್ನ ಏಳಿ ಅಂದ ಹಾಗಾಗುತ್ತೆ" ಎಂದ ತಾಜಿಗುಲ್‌ನ ಅಣ್ಣ.

ಎಸೆನ್‌ಕುಲ್ ಕೆಮ್ಮಿದ. ಸೌಟು ಬೀಳಿಸಿದ. ಅಜ್ಜ ಕಣ್ಣು ಅರೆ ತೆರೆದು ಎರಡೂ ಕೈ ಎತ್ತಿದ. ಓಹೋ, ಆಶೀರ್ವಾದ! ಎಲ್ಲರೂ ಅಂಗೈ ಎತ್ತಿದರು, ತಾಜಿಗುಲ್ ಓಲೆ ಹಿಡಿದಳು. ಅಜ್ಜ ಮೈ ಮುರಿದು, ಆಕಳಿಸಿ, ಮತ್ತೆ ಮಲಗಿದ. ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಜಿಪಾರ್ ಮೆಲ್ಲಗೆ ಬಂದು ಅಜ್ಜನ ತಲೆಯ ಕೆಳಗೊಂದು ದಿಂಬು ಇಟ್ಟು, ಮೈಮೇಲೆ ಶಾಲು ಹೊದಿಸಿ, ಒಲೆಗೆ ಇನ್ನೆರಡು ಸೌದೆ ತುಂಬಿದಳು.

"ಎಷ್ಟು ಸಂಸ್ಕಾರದ ಹುಡುಗಿ!" ಎಂದು ತಾಜಿಗುಲ್ ಕರಗಿಹೋದಳು.

ಗಡಿಯಾರ ಎಂಟರ ಹತ್ತಿರ ಬಂತು. ಎಸೆನ್‌ಕುಲ್‌ನ ಕಣ್ಣೆದುರು ಟೀ ಅಂಗಡಿ, ಕೆನೆಶ್‌ನ ನಗು, ತನ್ನ ತಲೆಯ ಮೇಲೆ ಹೂವಿನ ವಸ್ತ್ರ ಎಲ್ಲ ಕುಣಿದವು. ಇನ್ನು ತಡೆಯಲಾಗಲಿಲ್ಲ. ಆದದ್ದಾಗಲಿ ಎಂದು ಅಜ್ಜನ ಭುಜ ಅಲುಗಿಸಲು ಕೈ ಚಾಚಿದ. ಶಾಲೆ ಪಕ್ಕದ ಬೀದಿಯಲ್ಲೇ, ಓಡಿದರೆ ಮುಟ್ಟಬಹುದು!

ಆಗ ಬಾಗಿಲಲ್ಲಿ ನಿಂತಿದ್ದ ಮಗಳ ಮುಖ ಕಂಡಿತು. ಮತಗಟ್ಟೆಯಲ್ಲಿ ಕೊಟ್ಟ ಹೂವು ಅವಳ ಕೈಯಲ್ಲಿತ್ತು. ಅವಳು ಅಪ್ಪನ ಕೈಯನ್ನೇ ನೋಡುತ್ತಿದ್ದಳು. ಅಜ್ಜ ಎದ್ದರೆ ಟೋಪಿ ಉಳಿಯುತ್ತದೆ, ಮಗಳ ಓದು ಹೋಗುತ್ತದೆ. ಎಸೆನ್‌ಕುಲ್ ಇನ್ನೊಂದು ಕೈಯಿಂದ ಕಲ್ಪಾಕ್ ಮುಟ್ಟಿ ನೋಡಿಕೊಂಡ. ಜಂಬದ ಮನುಷ್ಯ ನಿಜ, ಕೆಟ್ಟ ಅಪ್ಪನಲ್ಲ. ಚಾಚಿದ ಕೈಯಿಂದ ಅಜ್ಜನ ಶಾಲನ್ನೇ ಇನ್ನಷ್ಟು ಮೇಲಕ್ಕೆ ಎಳೆದ.

"ಮಲಗಲಿ ಪಾಪ. ವಯಸ್ಸಾದವರು" ಎಂದ.

ಗಡಿಯಾರ ಎಂಟು ಹೊಡೆಯಿತು. ಸ್ವಲ್ಪ ಹೊತ್ತಿಗೆ ಬಾಗಿಲು ದಡಾರನೆ ತೆರೆದುಕೊಂಡಿತು. ಕೆನೆಶ್!

"ಒಳ್ಳೇ ಸುದ್ದಿ ತಂದಿದ್ದೀನಿ, ಉಡುಗೊರೆ ತೆಗಿ ಎಸೆನ್‌ಕುಲ್! ನಮ್ಮ ಬೀದಿ ಹುಡುಗರು ಹುಡುಗಿಯರು ಒಬ್ಬರೂ ಬಾಕಿ ಇಲ್ಲ, ಎಲ್ಲರೂ ಓಟು ಹಾಕಿದ್ದಾರೆ! ಇಡೀ ಬೀದೀಲಿ ಒಂದೇ ಒಂದು ಹೆಸರು ಬಾಕಿ. ಆದರೆ ಅವನು ಹುಡುಗ ಅಲ್ಲ ಬಿಡು!"

ಆ ಗಂಟಲಿಗೆ ಸತ್ತವರೂ ಏಳುತ್ತಾರೆ, ಅಜ್ಜ ಯಾವ ಲೆಕ್ಕ? ಎದ್ದು ಕೂತು, "ಏನದು ಗಲಾಟೆ?" ಎಂದ. ಜಿಪಾರ್ ಕಣ್ಣು ನೆಲಕ್ಕೆ ಹಾಕಿ, ಬೆಣ್ಣೆಯಂಥ ದನಿಯಲ್ಲಿ ವಿವರಿಸಿದಳು.

"ಅಜ್ಜ, ಓಟು ಹಾಕದ ಮನೆಗೆ ಹೆಣ್ಣು ಕೊಡಬಾರದು, ಅಂಥ ಮನೆಯಿಂದ ಹೆಣ್ಣು ತರಬಾರದು ಅಂತ ನಮ್ಮಪ್ಪ ಊರಿಗೆ ಕಟ್ಟಳೆ ಮಾಡಿದ್ದಾರೆ. ಇವತ್ತು ನಮ್ಮಪ್ಪನೇ ಓಟು ಹಾಕ್ಲಿಲ್ಲ."

ಅಜ್ಜ ಎಸೆನ್‌ಕುಲ್‌ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಏನಯ್ಯಾ! ನನಗೆ ಹಲ್ಲಿಲ್ಲ, ಕಿವಿ ಅಷ್ಟಕ್ಕಷ್ಟೆ. ಆದ್ರೂ ಬೆಳಿಗ್ಗೆ ಹೋಗಿ ಬೆರಳು ಒತ್ತಿ ಬಂದೆ. ನಿನಗೇನಾಗಿತ್ತು ಧಾಡಿ? ತಾಜಿಗುಲ್, ಓಲೆ ಚೀಲಕ್ಕೆ ಹಾಕ್ಕೋ. ಹಿರಿಯ ಮನುಷ್ಯ ಮಾಡಿದ ಕಟ್ಟಳೆ, ನಾವು ಮುರಿಯೋದು ತರವಲ್ಲ."

ನಂತರ ಅಂಗೈ ಎತ್ತಿ ಆಶೀರ್ವಾದ ಮಾಡಿದ: "ಈ ಮನೆ ತಣ್ಣಗಿರಲಿ, ಕುರಿ ಹೆಚ್ಚಲಿ, ಹುಡುಗಿಯ ಓದು ಮುಗಿಯಲಿ. ಮುಂದಿನ ಚುನಾವಣೆಗೆ ಯಜಮಾನನಿಗೆ ದಾರಿ ನೆನಪಿರಲಿ." ತಾಜಿಗುಲ್ ಮುಖ ಸಣ್ಣದು ಮಾಡಿಕೊಂಡಳಾದರೂ, ಪದ್ಧತಿಯಂತೆ ಮನೆಗೆ ಒಯ್ಯುವ ಮಾಂಸದ ಪಾಲನ್ನು ಮಾತ್ರ ಮರೆಯಲಿಲ್ಲ.

ನೆಂಟರು ಹೋದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತು. ಕೆನೆಶ್ ಎದೆ ಮೇಲೆ ಕೈಕಟ್ಟಿ, "ನಾಳೆ ಟೀ ಅಂಗಡಿ ಬೇಗ ತೆಗೀತಾರಂತೆ" ಎಂದು ಬಾಗಿಲಲ್ಲೇ ನಿಂತ.

"ದಿಂಬು ಇಟ್ಟದ್ದು ಬೇಕಂತಲೇ ಅಲ್ವೇನೇ?" ಎಂದು ಎಸೆನ್‌ಕುಲ್ ಮಗಳನ್ನು ಗದರಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಹಿರಿಯರಿಗೆ ಗೌರವ ಅಪ್ಪ. ಶಾಲು ಎಳೆದು ಹೊದಿಸಿದ್ದು ನೀನೇ ಅಲ್ವಾ?" ಎನ್ನುತ್ತ ಜಿಪಾರ್ ಬಂದು ಅಪ್ಪನ ತೋಳಿಗೆ ಒರಗಿದಳು.

ಎಸೆನ್‌ಕುಲ್ ನಿಟ್ಟುಸಿರು ಬಿಟ್ಟು ಕಲ್ಪಾಕ್ ತೆಗೆದು ಗೋಡೆಯ ಮೊಳೆಗೆ ನೇತುಹಾಕಿದ. ಕೊಟ್ಟ ಮಾತು ಕೊಟ್ಟ ಮಾತೇ. "ಎಲ್ಲೇ ನಿನ್ನ ತಲೆವಸ್ತ್ರ? ತಾ. ಈ ಅವಮಾನಾನೂ ಆಗಿಹೋಗ್ಲಿ" ಎಂದ.

ಬುರುಲ್ಚಾ ಪೆಟ್ಟಿಗೆ ತೆರೆದು, ತನ್ನ ಹೂವಿನ ತಲೆವಸ್ತ್ರ ಕೈಗೆತ್ತಿಕೊಂಡಳು. ಗಂಡನ ತಲೆಯನ್ನೊಮ್ಮೆ, ವಸ್ತ್ರವನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ಮಡಚಿ ಮತ್ತೆ ಪೆಟ್ಟಿಗೆಯೊಳಗೇ ಇಟ್ಟಳು.

"ಕೊಡಲ್ಲ ರೀ. ಇದನ್ನ ಕಟ್ಕೊಂಡವಳು ಬೆಳಿಗ್ಗೆನೇ ಹೋಗಿ ಓಟು ಹಾಕಿ ಬಂದಿದ್ದಾಳೆ. ಇದಕ್ಕೂ ಒಂದು ಮರ್ಯಾದೆ ಬೇಡ್ವಾ? ನೀವು ನಾಳೆ ಬರಿ ತಲೇಲಿ ಹೋಗಿ!"